ಇಪ್ಪತ್ತೈದು ಅಂಕಿಗಳ ಶಿಸ್ತು

3608528850368400786036725. ನೋಡಿದರೆ ಯಾರೋ ಮನಬಂದಂತೆ ಗೀಚಿದ ಅಂಕಿಗಳ ಸಾಲಿನಂತಿದೆ. ಎಡದಿಂದ ಒಂದೊಂದೇ ಅಂಕಿ ಸೇರಿಸಿಕೊಳ್ಳುತ್ತಾ ಓದಿ: 36 ಎರಡರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, 360 ಮೂರರಿಂದ, 3608 ನಾಲ್ಕರಿಂದ, 36085 ಐದರಿಂದ. ಏಳಂಕಿಯ 3608528 ಅನ್ನು ಏಳರಿಂದ ಭಾಗಿಸಿದರೆ ಸರಿಯಾಗಿ 515504. ಈ ಕಟ್ಟುಪಾಡು ಇಪ್ಪತ್ತೈದನೆಯ ಅಂಕಿಯವರೆಗೂ ಎಲ್ಲೂ ತಪ್ಪುವುದಿಲ್ಲ.

ಹತ್ತು ಅಂಕಿಗಳವರೆಗೆ ಇದು ಸುಲಭ. ಸೊನ್ನೆಯಿಂದ ಒಂಬತ್ತರೊಳಗೆ ಹೊಂದುವ ಅಂಕಿ ಸಿಕ್ಕೇ ಸಿಗುತ್ತದೆ. ಆಮೇಲೆ ಭಾಜಕ ಬೆಳೆಯುತ್ತಾ ಹೋಗುತ್ತದೆ, ಆಯ್ಕೆಗೆ ಇರುವ ಅಂಕಿಗಳು ಮಾತ್ರ ಅದೇ ಹತ್ತು. ಹಾಗಾಗಿ ಹತ್ತಂಕಿಯಲ್ಲಿ ಇಂಥ ಸಂಖ್ಯೆಗಳು 2492 ಇದ್ದರೆ, ಇಪ್ಪತ್ತಂಕಿಯಲ್ಲಿ 44, ಇಪ್ಪತ್ನಾಲ್ಕಂಕಿಯಲ್ಲಿ ಬರೀ 3. ಇಪ್ಪತ್ತೈದನ್ನು ಮುಟ್ಟುವುದು ಇದೊಂದೇ.

ಮುಂದೆ ಹೋಗಬಹುದೇ? ಬಲಕ್ಕೊಂದು ಸೊನ್ನೆ ಹಾಕಿ 26ರಿಂದ ಭಾಗಿಸಿದರೆ 12 ಉಳಿಯುತ್ತದೆ. ಸರಿದೂಗಿಸಲು ಇನ್ನೂ 14 ಬೇಕು. ನಮ್ಮಲ್ಲಿರುವ ದೊಡ್ಡ ಅಂಕಿಯೇ 9. ದಾರಿ ಅಲ್ಲಿಗೆ ಮುಗಿಯಿತು.

ಸಂಖ್ಯೆಗಳಿಗೆ ಕೊನೆಯಿಲ್ಲ ಎನ್ನುತ್ತೇವೆ. ಈ ಕುಲದಲ್ಲಿ ಮಾತ್ರ ಎಲ್ಲಕ್ಕಿಂತ ದೊಡ್ಡದು ಎಂಬುದೊಂದಿದೆ, ಅದನ್ನು ಒಂದೇ ಸಾಲಿನಲ್ಲಿ ಬರೆದು ತೋರಿಸಲೂಬಹುದು. ಇಷ್ಟು ಸರಳ ನಿಯಮ ತನ್ನ ಗಡಿಯನ್ನು ತಾನೇ ಎಳೆದುಕೊಳ್ಳುವ ಚಂದಕ್ಕೆ ನಾನು ಸೋತಿದ್ದೇನೆ.