ಮುಹೂರ್ತ ಮೊದಲು, ಮಾತು ಆಮೇಲೆ

2014ರ ಜನವರಿ 28ರಂದು ಬ್ರಸೆಲ್ಸ್‌ಗೆ ಬಂದಿಳಿದ ವ್ಲಾದಿಮಿರ್ ಪುಟಿನ್‌ಗೆ ಔತಣ ಕಾದಿರಲಿಲ್ಲ. ಐರೋಪ್ಯ ಒಕ್ಕೂಟ ಮತ್ತು ರಷ್ಯಾದ ಶೃಂಗಸಭೆ ಎಂದರೆ ಹಿಂದಿನ ರಾತ್ರಿ ಊಟ, ಮರುದಿನ ಇಡೀ ಮಾತುಕತೆ, ಕೊನೆಗೊಂದು ಪತ್ರಿಕಾಗೋಷ್ಠಿ ಎಂಬ ಪದ್ಧತಿ ವರ್ಷಗಳಿಂದ ನಡೆದುಬಂದಿತ್ತು. ಆ ಸಲ ಊಟ ರದ್ದಾಯಿತು, ಎಲ್ಲವೂ ಕೆಲವೇ ಗಂಟೆಗಳಲ್ಲಿ ಮುಗಿಯಿತು. ಕೀವ್‌ನ ಬೀದಿಗಳಲ್ಲಿ ಬೆಂಕಿ ಉರಿಯುತ್ತಿತ್ತು. ಅದೇ ದಿನ ಉಕ್ರೇನಿನ ಪ್ರಧಾನಿ ಮಿಕೊಲಾ ಅಜಾರೊವ್ ರಾಜೀನಾಮೆ ಕೊಟ್ಟರು. ಆದರೂ ಬ್ರಸೆಲ್ಸ್‌ನ ಸಭೆ ಬರಿಗೈಯಲ್ಲಿ ಮುಗಿಯಲಿಲ್ಲ. ಭಯೋತ್ಪಾದನೆಯ ವಿರುದ್ಧ ಹೋರಾಡುವ ಬಗ್ಗೆ ಒಂದು ಜಂಟಿ ಹೇಳಿಕೆ ಹೊರಬಿತ್ತು. ಅದರಲ್ಲಿ ಯಾರಿಗೂ ತಕರಾರಿರಲಿಲ್ಲ, ಏಕೆಂದರೆ ಅವತ್ತು ಜಗಳವಾಡುತ್ತಿದ್ದದ್ದು ಆ ವಿಷಯಕ್ಕಲ್ಲ.

ಅದು ಎರಡೂ ಕಡೆಯವರ 32ನೇ ಶೃಂಗಸಭೆ. ಎರಡು ತಿಂಗಳೊಳಗೆ ರಷ್ಯಾ ಕ್ರೈಮಿಯಾವನ್ನು ಸೇರಿಸಿಕೊಂಡಿತು. ಸೋಚಿಯಲ್ಲಿ ಜೂನ್‌ಗೆ ಗೊತ್ತಾಗಿದ್ದ ಮುಂದಿನ ಸಭೆಯನ್ನು ಒಕ್ಕೂಟದ ನಾಯಕರು ಮಾರ್ಚ್‌ನಲ್ಲೇ ರದ್ದುಮಾಡಿದರು. 33ನೆಯದು ಇಂದಿಗೂ ನಡೆದಿಲ್ಲ.

ಹದಿನಾರು ವರ್ಷಗಳಲ್ಲಿ 32 ಸಭೆ ಎಂದರೆ ಸಣ್ಣ ಸಂಗತಿಯಲ್ಲ. ವರ್ಷಕ್ಕೆರಡು ಬಾರಿ ಶೃಂಗಸಭೆಗೆ ಕೂರುವ ನೇಮ ಅದು. ಹೀಗೆ ಕೂತವರ ಸಂಬಂಧ ಕೊನೆಗೆ ಅಲ್ಲಿಗೆ ಮುಟ್ಟಿದ್ದಕ್ಕೆ ಸಭೆಗಳನ್ನೇ ಹೊಣೆಮಾಡುವುದು ಅನ್ಯಾಯ. ಆದರೆ ಸಭೆಗಳ ಹಿಂದಿನ ತಯಾರಿಯನ್ನು ಪರೀಕ್ಷೆಗೆ ಒಡ್ಡಬಹುದು. ಏನನ್ನು ಮಾಗಿಸಲು ಆ ತಯಾರಿಗೆ ಬಂತು, ಏನನ್ನು ಮುಚ್ಚಿಡಲು ಅದು ಬಳಕೆಯಾಯಿತು?

ಮೂಲ ಇರುವುದು 1994ರ ಜೂನ್‌ನಲ್ಲಿ ಗ್ರೀಸಿನ ಕಾರ್ಫು ದ್ವೀಪದಲ್ಲಿ ಸಹಿಯಾದ ಸಹಭಾಗಿತ್ವ ಮತ್ತು ಸಹಕಾರ ಒಪ್ಪಂದದಲ್ಲಿ. ಚೆಚನ್ಯಾದ ಮೊದಲ ಯುದ್ಧ ಅಡ್ಡ ಬಂದು ಅದು ಜಾರಿಯಾಗುವಾಗ 1997ರ ಡಿಸೆಂಬರ್ ಆಗಿತ್ತು. ರಷ್ಯಾದ ಅಧ್ಯಕ್ಷರು ಮತ್ತು ಒಕ್ಕೂಟದ ಮುಖ್ಯಸ್ಥರು ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಸೇರಬೇಕೆಂದು ಒಪ್ಪಂದವೇ ಹೇಳಿತ್ತು. ಒಂದು ಸಭೆ ರಷ್ಯಾದಲ್ಲಿ, ಇನ್ನೊಂದು ಒಕ್ಕೂಟದಲ್ಲಿ. ವಿಷಯ ಹಣ್ಣಾಗಿರಲಿ, ಕಾಯಾಗಿರಲಿ, ಪಂಚಾಂಗದಲ್ಲಿ ಮುಹೂರ್ತ ಮಾತ್ರ ಮೊದಲೇ ಬರೆದಿಟ್ಟಿತ್ತು.

ಮುಹೂರ್ತ ಹತ್ತಿರವಾದಂತೆ ಬ್ರಸೆಲ್ಸ್‌ನಲ್ಲಿ ಕಡತಗಳ ಓಡಾಟ ಶುರುವಾಗುತ್ತಿತ್ತು. ಒಕ್ಕೂಟದ ಅಧಿಕಾರಿಗಳು ಕಾರ್ಯಸೂಚಿ ಮತ್ತು ಜಂಟಿ ಹೇಳಿಕೆಯ ಕರಡು ಬರೆಯುತ್ತಿದ್ದರು. ಪೂರ್ವ ಯುರೋಪ್ ಮತ್ತು ಮಧ್ಯ ಏಷ್ಯಾಕ್ಕೆಂದೇ ಇದ್ದ ಕಾರ್ಯತಂಡದಲ್ಲಿ ಪ್ರತಿ ಸದಸ್ಯ ರಾಷ್ಟ್ರದ ಪ್ರತಿನಿಧಿ ಕೂತು ಅದನ್ನು ಸಾಲುಸಾಲಾಗಿ ಜಾಲಾಡುತ್ತಿದ್ದರು. ಅಲ್ಲಿಂದ ರಾಯಭಾರಿಗಳ ಸಮಿತಿ, ಅಲ್ಲಿಂದ ಮಾಸ್ಕೋ, ಮತ್ತೆ ವಾಪಸು. ಒಪ್ಪಿಗೆಯಾಗದ ಪದಗಳನ್ನು ಚೌಕ ಆವರಣದಲ್ಲಿ ಇಡುವುದು ಎಲ್ಲ ರಾಜತಾಂತ್ರಿಕ ಕರಡುಗಳ ರೂಢಿ. ಆವರಣಗಳು ಒಂದೊಂದಾಗಿ ಬಿದ್ದುಹೋದರೆ ತಯಾರಿ ಸಾಗುತ್ತಿದೆ ಎಂದರ್ಥ. ಸಭೆಯ ದಿನ ನಾಯಕರ ಮುಂದೆ ಆವರಣವೇ ಇಲ್ಲದ ಸ್ವಚ್ಛ ಪ್ರತಿ ಇರಬೇಕು. ಹಾಗೆ ಇಡುವುದೇ ಈ ವೃತ್ತಿಯ ಕಸುಬುದಾರಿಕೆ.

ಈ ಕಸುಬು ಗೆದ್ದ ಉದಾಹರಣೆ ಬೇಕಾದರೆ 2002ರ ಕಲಿನಿನ್‌ಗ್ರಾದ್ ಪ್ರಕರಣ ನೋಡಬೇಕು. ಪೋಲೆಂಡ್ ಮತ್ತು ಲಿಥುವೇನಿಯಾ ನಡುವೆ ಸಿಕ್ಕಿಕೊಂಡಿರುವ, ಸುಮಾರು ಹತ್ತು ಲಕ್ಷ ಜನರ ಈ ತುಂಡು ಭೂಮಿ ರಷ್ಯಾದ್ದು. ಆ ಎರಡೂ ದೇಶಗಳು 2004ರಲ್ಲಿ ಒಕ್ಕೂಟ ಸೇರಲಿದ್ದವು. ಸೇರಿದ ಮೇಲೆ ಅಲ್ಲಿಂದ ಮಾಸ್ಕೋಗೆ ರೈಲು ಹತ್ತುವ ರಷ್ಯನ್ನರು ವೀಸಾ ಪಡೆಯಬೇಕೆ? ನಮ್ಮ ಮನೆಯ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗಲು ಪಕ್ಕದ ಮನೆಯವರ ಅಪ್ಪಣೆ ಏಕೆ ಎಂಬುದು ಮಾಸ್ಕೋದ ವಾದದ ತಿರುಳು. ಗಡಿಯ ನಿಯಮಕ್ಕೆ ತೂತು ಬಿದ್ದರೆ ಷೆಂಗೆನ್ ವ್ಯವಸ್ಥೆಯಿಂದ ತಾನು ಹೊರಗುಳಿಯಬೇಕಾದೀತು ಎಂಬುದು ಲಿಥುವೇನಿಯಾದ ಭಯ. 2002ರ ಮೇ ತಿಂಗಳ ಮಾಸ್ಕೋ ಶೃಂಗಸಭೆ ಇದೇ ಗೋಡೆಗೆ ಡಿಕ್ಕಿ ಹೊಡೆದು ನಿಂತಿತು.

ನವೆಂಬರ್‌ನ ಸಭೆ ಡೆನ್ಮಾರ್ಕ್‌ನ ಸರದಿ, ಜಾಗ ಕೋಪನ್‌ಹೇಗನ್. ಅಕ್ಟೋಬರ್ ಕೊನೆಯಲ್ಲಿ ಅದೇ ನಗರದಲ್ಲಿ ವಿಶ್ವ ಚೆಚೆನ್ ಸಮಾವೇಶ ನಡೆಯಿತು. ಮಾಸ್ಕೋದ ದುಬ್ರೊವ್ಕಾ ರಂಗಮಂದಿರದ ಒತ್ತೆಯಾಳು ದುರಂತ ಮುಗಿದು ಆಗಿನ್ನೂ ಎರಡು ದಿನ. ಸಮಾವೇಶ ನಿಲ್ಲಿಸಿ ಎಂದು ರಷ್ಯಾ ಕೇಳಿತು, ಡೆನ್ಮಾರ್ಕ್ ಒಪ್ಪಲಿಲ್ಲ. ಪುಟಿನ್ ಕೋಪನ್‌ಹೇಗನ್‌ಗೆ ಕಾಲಿಡುವುದಿಲ್ಲ ಎಂದಾಯಿತು. ಡೇನರು ಮುನಿಸಿಕೊಂಡು ಕೂರದೆ ಸಭೆಯನ್ನು ಬ್ರಸೆಲ್ಸ್‌ಗೆ ಸಾಗಿಸಿದರು. ಕಲಿನಿನ್‌ಗ್ರಾದ್ ಕಡತ ಕೈತಪ್ಪಬಾರದು ಎಂಬ ಎಚ್ಚರ ಅವರಿಗಿತ್ತು. ನವೆಂಬರ್ 11ರಂದು ಒಪ್ಪಂದವೂ ಆಯಿತು.

ಒಪ್ಪಂದದ ಹೂರಣ ಒಂದು ಹೊಸ ಹೆಸರು. ಅದು 'ವೀಸಾ' ಅಲ್ಲ, 'ಸುಗಮ ಸಾಗಣೆ ದಾಖಲೆ'. ರೈಲಿನ ಪ್ರಯಾಣಿಕ ಟಿಕೆಟ್ ಕೊಳ್ಳುವಾಗ ಕೊಟ್ಟ ವಿವರ ಲಿಥುವೇನಿಯಾದ ಅಧಿಕಾರಿಗಳಿಗೆ ಹೋಗುತ್ತದೆ, ಅವರು ಬೇಡವೆನ್ನದಿದ್ದರೆ ದಾಖಲೆ ರೈಲಿನಲ್ಲೇ ಕೈಗೆ ಬರುತ್ತದೆ, ಶುಲ್ಕವಿಲ್ಲ. ಆರು ಗಂಟೆಯೊಳಗೆ ರೈಲು ಲಿಥುವೇನಿಯಾ ದಾಟಬೇಕು. ರಸ್ತೆಯಲ್ಲಿ ಹೋಗುವವರ ದಾಖಲೆಗೆ 5 ಯೂರೊ, ದಾಟಲು ಅವಧಿ 24 ಗಂಟೆ. ವೀಸಾ ಹಾಕಲು ಬಿಡಲಿಲ್ಲ ಎಂದು ಮಾಸ್ಕೋ ಹೇಳಿಕೊಂಡಿತು. ಯಾರು ಬರಬೇಕೆಂದು ತೀರ್ಮಾನಿಸುವ ಹಕ್ಕು ಉಳಿಯಿತು ಎಂದು ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್ ನೆಮ್ಮದಿ ಪಟ್ಟಿತು. 2003ರ ಜುಲೈ 1ರಂದು ವ್ಯವಸ್ಥೆ ಜಾರಿಗೆ ಬಂತು. ಪದಗಳ ಕಸರತ್ತು ಎಂದು ಇದನ್ನು ನಗಬಹುದು, ಆದರೆ ಆ ಪದಗಳ ಅಡಿಯಲ್ಲಿ ಟಿಕೆಟ್ ಕೌಂಟರ್ ಇತ್ತು, ರೈಲಿತ್ತು, ಗಡುವಿತ್ತು.

ತಯಾರಿ ಎಷ್ಟೇ ಬಿಗಿಯಾಗಿದ್ದರೂ ಅದರ ಕೈ ಎಲ್ಲಿಯವರೆಗೆ ಚಾಚೀತು ಎಂಬುದನ್ನೂ ಅದೇ ಸಭೆಯ ಪತ್ರಿಕಾಗೋಷ್ಠಿ ತೋರಿಸಿತು. ಚೆಚನ್ಯಾದಲ್ಲಿ ನೆಲಬಾಂಬ್ ಬಳಸುವ ಬಗ್ಗೆ ಫ್ರೆಂಚ್ ಪತ್ರಕರ್ತರೊಬ್ಬರು ಕೇಳಿದಾಗ ಪುಟಿನ್ ಸಿಟ್ಟಾದರು. ಅಷ್ಟೊಂದು ಇಸ್ಲಾಮಿನ ಒಲವಿದ್ದರೆ ಸುನ್ನತಿಗೆ ಮಾಸ್ಕೋಗೆ ಬನ್ನಿ ಎಂಬರ್ಥದ ಮಾತಾಡಿದರು. ದುಭಾಷಿಗಳು ಅದನ್ನು ಪೂರ್ತಿ ಅನುವಾದಿಸಲಿಲ್ಲ. ಪಕ್ಕದಲ್ಲಿದ್ದ ಐರೋಪ್ಯ ನಾಯಕರಿಗೆ ಏನಾಯಿತೆಂದು ಆ ಕ್ಷಣ ಗೊತ್ತಾಗಲೇ ಇಲ್ಲ.

2006ರ ಮೇ ತಿಂಗಳಲ್ಲಿ ಸೋಚಿಯಲ್ಲಿ ಸಹಿಯಾದ ವೀಸಾ ಸರಳೀಕರಣ ಒಪ್ಪಂದವೂ ಕಲಿನಿನ್‌ಗ್ರಾದ್ ಜಾತಿಗೇ ಸೇರಿದ್ದು. ಅದರಡಿ ವೀಸಾ ಶುಲ್ಕ 35 ಯೂರೊ ಇತ್ತು. ಅಕ್ರಮವಾಗಿ ಬಂದವರನ್ನು ವಾಪಸು ಪಡೆಯುವ ಇನ್ನೊಂದು ಒಪ್ಪಂದ ಅದಕ್ಕೆ ಜೋಡಿ. ಕೊಡುವುದೇನು, ಪಡೆಯುವುದೇನು ಎಂಬುದು ಕಾಗದದ ಮೇಲೆ ನಿಚ್ಚಳವಾಗಿತ್ತು.

ಇನ್ನು ತದ್ವಿರುದ್ಧ ಮಾದರಿ. 2003ರ ಮೇ ತಿಂಗಳಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ತನ್ನ 300ನೇ ವರ್ಷದ ಹಬ್ಬದಲ್ಲಿ ಮುಳುಗಿದ್ದಾಗ ಅಲ್ಲಿ ನಡೆದ ಶೃಂಗಸಭೆ ನಾಲ್ಕು 'ಸಮಾನ ವಲಯ'ಗಳನ್ನು ಕಟ್ಟುವುದಾಗಿ ಸಾರಿತು. ಆರ್ಥಿಕತೆ; ಸ್ವಾತಂತ್ರ್ಯ, ಸುರಕ್ಷತೆ ಮತ್ತು ನ್ಯಾಯ; ಬಾಹ್ಯ ಭದ್ರತೆ; ಸಂಶೋಧನೆ, ಶಿಕ್ಷಣ ಮತ್ತು ಸಂಸ್ಕೃತಿ. ವಲಯಗಳೊಳಗೆ ಏನಿರಬೇಕು ಎಂದು ಬರೆಯಲು ಮತ್ತೆ ಎರಡು ವರ್ಷ ಹಿಡಿಯಿತು. 2005ರ ಮೇ 10ರಂದು, ಎರಡನೇ ಮಹಾಯುದ್ಧದ ವಿಜಯದ 60ನೇ ವರ್ಷಾಚರಣೆಯ ಮರುದಿನ, ಮಾಸ್ಕೋದಲ್ಲಿ 'ಮಾರ್ಗಸೂಚಿ'ಗಳಿಗೆ ಒಪ್ಪಿಗೆ ಬಿತ್ತು. ಮಾತುಕತೆ ಮುಂದುವರಿಸುವುದು, ಸಹಕಾರ ಹೆಚ್ಚಿಸುವುದು, ಸಾಧ್ಯತೆ ಪರಿಶೀಲಿಸುವುದು ಎಂಬ ಬಗೆಯ ಕ್ರಮಗಳು ಪುಟಗಟ್ಟಲೆ ತುಂಬಿಕೊಂಡವು. ಗಡುವುಗಳು ಮಾತ್ರ ಹುಡುಕಿದರೂ ಸಿಗುವುದು ಕಷ್ಟ.

ಈ ದಾಖಲೆಯನ್ನು ಓದುವಾಗ ಒಂದು ನುಡಿಗಟ್ಟಿನ ಬಳಿ ನಿಲ್ಲಬೇಕು. ಉಕ್ರೇನ್, ಮಾಲ್ಡೋವಾ, ಜಾರ್ಜಿಯಾದಂಥ ದೇಶಗಳನ್ನು ಇಬ್ಬರ 'ಸಮಾನ ನೆರೆಹೊರೆ' ಎಂದು ಕರೆಯಲು ಒಕ್ಕೂಟ ಬಯಸಿತ್ತು. ಆ ಪ್ರದೇಶವನ್ನು ಹಂಚಿಕೊಳ್ಳುವ ಭಾಷೆಯೇ ಮಾಸ್ಕೋಗೆ ಹಿಡಿಸಲಿಲ್ಲ. ಹಗ್ಗಜಗ್ಗಾಟದ ಕೊನೆಗೆ ಉಳಿದದ್ದು 'ಐರೋಪ್ಯ ಒಕ್ಕೂಟ ಮತ್ತು ರಷ್ಯಾದ ಗಡಿಗಳಿಗೆ ಹೊಂದಿಕೊಂಡ ಪ್ರದೇಶಗಳು' ಎಂಬ ಭೂಪಟದ ಭಾಷೆ. ಚೌಕ ಆವರಣ ಬಿತ್ತು, ಪ್ರತಿ ಸ್ವಚ್ಛವಾಯಿತು. ಕಲಿನಿನ್‌ಗ್ರಾದ್‌ನಲ್ಲಿ ಹೊಸ ಪದದ ಜೊತೆ ಹೊಸ ವ್ಯವಸ್ಥೆ ಬಂದಿತ್ತು. ಇಲ್ಲಿ ಪದ ಮಾತ್ರ ಬದಲಾಯಿತು. ಆ ದೇಶಗಳು ಯಾರ ಕಡೆ ವಾಲಬಹುದು, ವಾಲಿದರೆ ಇನ್ನೊಬ್ಬರು ಏನು ಮಾಡಬಹುದು ಎಂಬ ಪ್ರಶ್ನೆಗೆ ಮಾರ್ಗಸೂಚಿಯಲ್ಲಿ ಜಾಗವೇ ಇರಲಿಲ್ಲ. 2008ರಲ್ಲಿ ಜಾರ್ಜಿಯಾದಲ್ಲೂ 2014ರಲ್ಲಿ ಉಕ್ರೇನಿನಲ್ಲೂ ಆ ಪ್ರಶ್ನೆಯೇ ಎದ್ದು ನಿಂತಿತು.

ಸಾರ ಸೊರಗಿದಂತೆ ಸಭೆಯ ಜಾಗಕ್ಕೆ ಮಾತು ಬಂತು. ರಷ್ಯಾ ತನ್ನ ಸರದಿಯ ಸಭೆಗಳನ್ನು ರಾಜಧಾನಿಯಿಂದ ದೂರ ದೂರಕ್ಕೆ ಒಯ್ಯತೊಡಗಿತು. 2007ರಲ್ಲಿ ವೋಲ್ಗಾ ದಂಡೆಯ ಸಮಾರಾ ಬಳಿಯ ವಿಶ್ರಾಂತಿಧಾಮ, 2008ರಲ್ಲಿ ಸೈಬೀರಿಯಾದ ತೈಲನಾಡಿನ ಖಾಂಟಿ-ಮಾನ್ಸಿಸ್ಕ್, 2009ರಲ್ಲಿ ಚೀನಾ ಗಡಿಗೆ ತಾಗಿದಂತಿರುವ ಖಬಾರೊವ್ಸ್ಕ್. ಬ್ರಸೆಲ್ಸ್‌ನವರು ಮಾಸ್ಕೋ ದಾಟಿ ಇನ್ನೂ 6,000 ಕಿಲೋಮೀಟರ್ ಹಾರಬೇಕು. ಅದೇ ವರ್ಷದ ಜನವರಿಯಲ್ಲಿ ರಷ್ಯಾ ಮತ್ತು ಉಕ್ರೇನಿನ ಅನಿಲ ಜಗಳದಿಂದ ಯುರೋಪಿನ ಎಷ್ಟೋ ಮನೆಗಳು ಚಳಿಯಲ್ಲಿ ನಡುಗಿದ್ದವು. ರಷ್ಯಾದ ಹಿರಿಮೆ ಎಷ್ಟು, ಗಿರಾಕಿಗಳು ಪೂರ್ವದಲ್ಲೂ ಎಷ್ಟಿದ್ದಾರೆ ಎಂಬುದನ್ನು ವಿಮಾನದ ಕಿಟಕಿಯೇ ವಿವರಿಸಿತು. ಕಾರ್ಯಸೂಚಿಗಿಂತ ಭೂಗೋಳವೇ ಚೆನ್ನಾಗಿ ಮಾತಾಡಿದ ಸಭೆ ಅದು.

ಒಕ್ಕೂಟದ ಕಡೆಯ ದೌರ್ಬಲ್ಯ ಬೇರೆಯದು. 2009ರ ಕೊನೆಯಲ್ಲಿ ಲಿಸ್ಬನ್ ಒಪ್ಪಂದ ಜಾರಿಗೆ ಬರುವವರೆಗೆ ಅದರ ಅಧ್ಯಕ್ಷತೆ ಆರು ತಿಂಗಳಿಗೊಮ್ಮೆ ಕೈಬದಲಾಗುತ್ತಿತ್ತು, ಅದರೊಡನೆ ಆದ್ಯತೆಗಳೂ. ಎದುರಿನ ಮೇಜಿನಲ್ಲಿ ವ್ಲಾದಿಮಿರ್ ಚಿಝೊವ್ 2005ರಿಂದ 2022ರವರೆಗೆ ಒಕ್ಕೂಟಕ್ಕೆ ರಷ್ಯಾದ ರಾಯಭಾರಿಯಾಗಿ ಕೂತಿದ್ದರು. ಯಾವ ವಾಕ್ಯ ಯಾವ ವರ್ಷ ಯಾರು ಸೇರಿಸಿದರು ಎಂಬ ನೆನಪು ಯಾವ ಮೇಜಿನಲ್ಲಿ ಗಟ್ಟಿಯಾಗಿತ್ತು ಎಂದು ಬೇರೆ ಹೇಳಬೇಕಿಲ್ಲ.

ಅದರ ಮೇಲೆ ಸರ್ವಾನುಮತದ ನಿಯಮ. 2005ರ ನವೆಂಬರ್‌ನಲ್ಲಿ ರಷ್ಯಾ ಪೋಲೆಂಡಿನ ಮಾಂಸದ ಆಮದು ನಿಲ್ಲಿಸಿತು. ವರ್ಷವಾದರೂ ನಿಷೇಧ ತೆರವಾಗದಿದ್ದಾಗ, 2006ರ ಹೆಲ್ಸಿಂಕಿ ಶೃಂಗಸಭೆಯ ಹೊಸ್ತಿಲಲ್ಲಿ ಪೋಲೆಂಡ್ 1994ರ ಒಪ್ಪಂದದ ಜಾಗಕ್ಕೆ ಬರಬೇಕಿದ್ದ ಹೊಸ ಒಪ್ಪಂದದ ಮಾತುಕತೆಗೆ ತಡೆಯೊಡ್ಡಿತು. ತಿಂಗಳುಗಳ ತಯಾರಿ ಮಾಂಸದ ಪೆಟ್ಟಿಗೆಯ ಮೇಲೆ ಎಡವಿ ಬಿತ್ತು. ಮಾಂಸದ ತಕರಾರು ತಿಳಿಯಾದಾಗ ಲಿಥುವೇನಿಯಾ ತನ್ನ ದೂರುಗಳೊಂದಿಗೆ ಎದ್ದಿತು. ಮಾತುಕತೆ ಶುರುವಾದದ್ದು 2008ರ ಜೂನ್‌ನಲ್ಲಿ. ಆಗಸ್ಟ್‌ನಲ್ಲಿ ಜಾರ್ಜಿಯಾ ಯುದ್ಧ.

ಪೋಲೆಂಡನ್ನು ಹಟಮಾರಿ ಎನ್ನುವುದು ಆಗ ಸುಲಭವಿತ್ತು. ಆದರೆ ಎರಡು ದೇಶಗಳ ವ್ಯಾಜ್ಯವನ್ನು ಹೊರಗಿಟ್ಟ ಕೂಟ ಹೇಗಿರುತ್ತದೆ ಎಂಬುದು ದಕ್ಷಿಣ ಏಷ್ಯಾದವರಿಗೆ ಗೊತ್ತು. ಸಾರ್ಕ್ ಸನ್ನದು ದ್ವಿಪಕ್ಷೀಯ, ವಿವಾದಾತ್ಮಕ ವಿಷಯಗಳನ್ನು ಚರ್ಚೆಯಿಂದ ಹೊರಗಿಡುತ್ತದೆ. 1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸೇರಿದ ಅದರ ಎರಡನೇ ಶೃಂಗಸಭೆ ಕಠ್ಮಂಡುವಿನಲ್ಲಿ ಕಾರ್ಯಾಲಯ ತೆರೆಯಲು ಒಪ್ಪಿತು. ಬಾಗಿಲಾಚೆ ನಿಲ್ಲಿಸಿದ ವ್ಯಾಜ್ಯ ಅಲ್ಲಿಂದಲೇ ಕೂಟವನ್ನು ಕಟ್ಟಿಹಾಕಿತು; 2014ರ ನಂತರ ಸಾರ್ಕ್ ಶೃಂಗಸಭೆ ನಡೆದಿಲ್ಲ. ಪೋಲೆಂಡಿನ ತಡೆ ಕಡೇಪಕ್ಷ ವ್ಯಾಜ್ಯವನ್ನು ಮೇಜಿನ ಮೇಲೆ ಇಟ್ಟಿತು. 2007ರಲ್ಲಿ ಸಮಾರಾದಲ್ಲಿ ಜರ್ಮನಿಯ ಚಾನ್ಸಲರ್ ಆಂಗೆಲಾ ಮರ್ಕೆಲ್ ಮತ್ತು ಐರೋಪ್ಯ ಆಯೋಗದ ಅಧ್ಯಕ್ಷ ಜೋಸೆ ಮ್ಯಾನುಯೆಲ್ ಬರೋಸೊ ಪುಟಿನ್ ಪಕ್ಕದಲ್ಲಿ ನಿಂತು, ಒಬ್ಬ ಸದಸ್ಯನ ಕಷ್ಟ ಇಡೀ ಒಕ್ಕೂಟದ ಕಷ್ಟ ಎಂಬ ನಿಲುವನ್ನು ಬಹಿರಂಗವಾಗಿ ತಳೆದರು. ಜಂಟಿ ಹೇಳಿಕೆಯಿಲ್ಲದೆ ಮುಗಿದ ಆ ಸಭೆ ವಿಫಲವೆಂದು ಪತ್ರಿಕೆಗಳು ಬರೆದವು. ಇವತ್ತು ನೋಡಿದರೆ, ಇದ್ದ ಜಗಳವನ್ನು ಇದ್ದಂತೆ ತೋರಿಸಿದ ಕೆಲವೇ ಸಭೆಗಳಲ್ಲಿ ಅದೂ ಒಂದು.

ಹಾಗಾದರೆ ತಯಾರಿಯೇ ಬೇಡವೇ? ಅದಕ್ಕೆ 2021 ಉತ್ತರ ಕೊಟ್ಟಿತು. ಜಿನೀವಾದಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಬೈಡನ್ ಮತ್ತು ಪುಟಿನ್ ಭೇಟಿಯಾಗಿ ವಾರವಾಗುತ್ತಿದ್ದಂತೆ, ಒಕ್ಕೂಟವೂ ಪುಟಿನ್ ಜೊತೆ ಶೃಂಗಸಭೆ ನಡೆಸಲಿ ಎಂದು ಮರ್ಕೆಲ್ ಮತ್ತು ಫ್ರಾನ್ಸಿನ ಅಧ್ಯಕ್ಷ ಎಮಾನ್ಯುಯೆಲ್ ಮ್ಯಾಕ್ರನ್ ಸೂಚಿಸಿದರು. ಸೂಚನೆ ಉಳಿದವರ ಕೈಸೇರಿದ್ದು ನಾಯಕರ ಸಭೆಯ ಹಿಂದಿನ ದಿನ. ಯುದ್ಧಕಾಲೇ ಶಸ್ತ್ರಾಭ್ಯಾಸ ಎನ್ನುತ್ತಾರಲ್ಲ, ಹಾಗೆ. ಪೋಲೆಂಡ್ ಮತ್ತು ಬಾಲ್ಟಿಕ್ ದೇಶಗಳು ಸಿಡಿದವು, ಜೂನ್ 24ರ ರಾತ್ರಿಯೇ ಪ್ರಸ್ತಾಪ ಬಿದ್ದುಹೋಯಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಒಕ್ಕೂಟದ ವಿದೇಶಾಂಗ ಮುಖ್ಯಸ್ಥ ಜೋಸೆಪ್ ಬೊರೆಲ್ ಮಾಸ್ಕೋಗೆ ಹೋಗಿದ್ದಾಗ, ಅವರು ಅಲ್ಲಿರುವಾಗಲೇ ರಷ್ಯಾ ಮೂವರು ಐರೋಪ್ಯ ರಾಜತಾಂತ್ರಿಕರನ್ನು ಹೊರಹಾಕಿತ್ತು. ಕೆಳಗಿನ ಅಧಿಕಾರಿಗಳ ನಡುವೆ ಮಾತೇ ಬತ್ತಿದ್ದ ಕಾಲದಲ್ಲಿ ಮೇಲಿನಿಂದ ಸಭೆ ಕಟ್ಟಲು ಹೊರಟಿದ್ದರು.

ಹಳೆಯ ಯಂತ್ರ ಅಷ್ಟು ನಿಷ್ಪ್ರಯೋಜಕವಾಗಿರಲಿಲ್ಲ ಎಂಬುದಕ್ಕೆ ಕಲಿನಿನ್‌ಗ್ರಾದ್ ರೈಲೇ ಸಾಕ್ಷಿ. ಶೃಂಗಸಭೆಗಳು ನಿಂತು ಎಂಟು ವರ್ಷವಾದ ಮೇಲೂ, 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ಯುದ್ಧ ಆರಂಭಿಸಿದ ಮೇಲೂ, 2002ರ ನವೆಂಬರ್‌ನಲ್ಲಿ ಒಪ್ಪಿದ ಆ ದಾಖಲೆಯ ಬಲದಲ್ಲೇ ಅದು ಲಿಥುವೇನಿಯಾ ದಾಟುತ್ತಿತ್ತು. ಪ್ರಯಾಣಿಕರು ನಡುವೆ ಇಳಿಯುವಂತಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ವಿಲ್ನಿಯಸ್ ನಿಲ್ದಾಣದ ಪ್ಲಾಟ್‌ಫಾರ್ಮಿನುದ್ದಕ್ಕೂ ಉಕ್ರೇನಿನ ಹಾಳುಬಿದ್ದ ಊರುಗಳ, ಗಾಯಗೊಂಡವರ ದೊಡ್ಡ ದೊಡ್ಡ ಫೋಟೋಗಳನ್ನು ತೂಗುಹಾಕಿದ್ದರು. ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೇ ಎಂಬ ಪ್ರಶ್ನೆ ಅವುಗಳ ಮೇಲೆ ರಷ್ಯನ್ ಭಾಷೆಯಲ್ಲಿತ್ತು. ರೈಲು ಕೆಲ ಹೊತ್ತು ನಿಂತು, ಕಿಟಕಿಗಳೊಳಗಿನ ಮುಖಗಳೊಂದಿಗೆ ಕಲಿನಿನ್‌ಗ್ರಾದ್ ಕಡೆ ಹೊರಡುತ್ತಿತ್ತು.