ಬಿಸಿಲನ್ನೇ ಉಣ್ಣುವ ಸಿಂಪಿ

"ಮಾಮಾ, ಸ್ವಲ್ಪ ಸರದು ಕೂಡ್ರಿ. ನಿಮ್ಮ ನೆರಳು ಅದರ ಮ್ಯಾಲೆ ಬೀಳಾಕತ್ತೈತಿ."

ತಂಗಿಯ ಮಗ ಹೀಗೆಂದ. ನಮ್ಮೂರು ಬೆಳವಣಕಿಯಲ್ಲಿ ಹುಟ್ಟಿ, ಓದು, ನೌಕರಿ ಎಂದು ಸ್ಯಾನ್ ಡಿಯಾಗೊ ಸೇರಿದ ಹುಡುಗ. ನಾನು ಕುರ್ಚಿ ಸರಿಸುವಷ್ಟರಲ್ಲಿ ಗಾಜಿನ ತೊಟ್ಟಿಯೊಳಗಿನ ಜೀವ ತನ್ನ ಸೆರಗನ್ನು ಒಳಗೆ ಸೆಳೆದುಕೊಂಡು ಅರ್ಧ ಬಾಗಿಲು ಹಾಕಿಕೊಂಡಿತ್ತು.

ಅದು ಜೈಂಟ್ ಕ್ಲ್ಯಾಮ್. ನಾನು ಅದನ್ನು ಹಿರಿಸಿಂಪಿ ಎಂದೇ ಕರೆದೆ. ಅದರ ಕುಲದ ದೊಡ್ಡಣ್ಣ ಟ್ರೈಡಾಕ್ನಾ ಗಿಗಾಸ್ ಒಂದು ಮೀಟರಿಗೂ ಮೀರಿ ಬೆಳೆಯುತ್ತದೆ, ಎರಡು ಕ್ವಿಂಟಲ್ ಜೋಳಕ್ಕಿಂತ ಹೆಚ್ಚು ತೂಗುತ್ತದೆ. ಈ ಮನೆಯಲ್ಲಿದ್ದದ್ದು ಡೆರಾಸಾ ಎಂಬ ಜಾತಿ, ನನ್ನ ಅಂಗೈಗಿಂತ ತುಸು ದೊಡ್ಡದು. ಸಮುದ್ರದಿಂದ ಕಿತ್ತು ತಂದದ್ದಲ್ಲ. ಪೆಸಿಫಿಕ್ ಸಾಗರದ ಪಲೌ ದ್ವೀಪಗಳಲ್ಲಿ ದಶಕಗಳಿಂದ ಇವುಗಳ ಮರಿ ಮಾಡಿ ಬೆಳೆಸುತ್ತಾರೆ, ಅಲ್ಲಿ ಬೆಳೆದದ್ದು ಇದು.

ಮರುದಿನ ಬೆಳಿಗ್ಗೆ ಬೇಗ ಎದ್ದು ತೊಟ್ಟಿಯ ಮುಂದೆ, ಈ ಸಲ ದೀಪಕ್ಕೆ ಅಡ್ಡವಾಗದಂತೆ, ಕೂತೆ. ಮೊದಲು ತೆಳು ನೀಲಿ ಬೆಳಕು ಹತ್ತಿತು, ನಮ್ಮ ಕಡೆ ನಸುಕು ಹರಿದಂತೆ. ಚಿಪ್ಪಿನ ಎರಡು ಅಂಚುಗಳ ನಡುವೆ ಒಂದು ಗೆರೆಯಷ್ಟು ಸಂದು. ಬಿಳಿ ಬೆಳಕು ಏರುತ್ತ ಹೋದಂತೆ ಆ ಸಂದಿನಿಂದ ಮೆತ್ತನೆಯ ಮಡಿಕೆ ಒಂದೊಂದಾಗಿ ಹೊರಬಂದು, ಚಿಪ್ಪಿನ ಆಚೆಗೆ ಇಳಿಬಿದ್ದು ಹರಡಿತು. ಮೈಯೆಲ್ಲ ಹೊಂಬಣ್ಣದ ಅಲೆಗೆರೆ, ಅಂಚಿಗೆ ಕಡುನೀಲಿ. ಗಜೇಂದ್ರಗಡದ ಮಗ್ಗದ ಸೀರೆ ನೋಡಿ ಬೆಳೆದ ಕಣ್ಣಿಗೆ ಅದು ಸೆರಗಲ್ಲದೆ ಬೇರೇನೂ ಆಗಿ ಕಾಣಲಿಲ್ಲ. ಅಂಚಿನುದ್ದಕ್ಕೂ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು. ಅವು ಕಣ್ಣುಗಳಂತೆ! ನೂರಾರು ಕಣ್ಣು, ಒಂದಕ್ಕೂ ಮಸೂರವಿಲ್ಲ, ಬರೀ ಸೂಜಿರಂಧ್ರ. ನಿನ್ನೆ ನನ್ನ ನೆರಳನ್ನು ಹಿಡಿದದ್ದು ಅವೇ.

ಆ ನೀಲಿಯನ್ನು ಎಷ್ಟು ನೋಡಿದರೂ ಸಾಲದು. ಮೇಲಿನಿಂದ ಕಂಡ ನೀಲಿ ಪಕ್ಕದಿಂದ ಕಾಣುವುದಿಲ್ಲ. ತುಸು ಬಾಗಿದರೆ ಹಸಿರಿಗೆ ಹೊರಳುತ್ತದೆ, ಇನ್ನಷ್ಟು ಬಾಗಿದರೆ ಮಂಕು. ನವಿಲುಗರಿಯ ಹಾಗೆ ಇದೂ ಅದ್ದಿದ ಬಣ್ಣವಲ್ಲ. ಚರ್ಮದೊಳಗಿನ ಜೀವಕೋಶಗಳಲ್ಲಿ ತೆಳುವಾದ ಪದರಗಳಿವೆ, ಅವುಗಳ ಮೇಲೆ ಬೆಳಕು ಆಡುವ ಆಟ. ಚೆಲುವು ಅಷ್ಟಕ್ಕೇ ನಿಂತಿಲ್ಲ. ಸಿಂಪಿಯ ಹೊಟ್ಟೆಯಿಂದ ಹೊರಟ ಸಣ್ಣ ಕೊಳವೆಗಳು ಸೆರಗಿನ ತುಂಬ ಕವಲೊಡೆದಿರುತ್ತವೆ. ಅವುಗಳೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಸಾಲುಗಟ್ಟಿ ನಿಂತಿವೆ. ಹೊಳೆಯುವ ಕೋಶಗಳು ಪಾಚಿಗೆ ಬೇಡದ ಹಸಿರು, ಹಳದಿ ಬೆಳಕನ್ನು ಹಿಂದಕ್ಕೆ ಚಿಮ್ಮಿಸಿ, ಬೇಕಾದ ಕೆಂಪು, ನೀಲಿ ಬೆಳಕನ್ನು ಆಳದ ಸಾಲಿನವರೆಗೂ ಹದವಾಗಿ ಹಂಚುತ್ತವೆ ಎಂದು 2014ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಮೇಲಿನ ಪಾಚಿ ಸುಡುವುದಿಲ್ಲ, ಕೆಳಗಿನದು ಕತ್ತಲಲ್ಲಿ ಸೊರಗುವುದಿಲ್ಲ. ಪಾಚಿ ಬಿಸಿಲಿನಿಂದ ಸಕ್ಕರೆ ಮಾಡುತ್ತದೆ, ಸಿಂಪಿ ಅದನ್ನು ಉಣ್ಣುತ್ತದೆ. ಹೊಲವನ್ನು ಮೈಯೊಳಗೇ ಹೊತ್ತು ಕೂತ ಒಕ್ಕಲಿಗ ಇದು. ಎರಿ ಹೊಲದ ಊರಿನವನಾದ ನನಗೆ ಅದರ ಮುಂದಿನಿಂದ ಏಳಲು ಮನಸ್ಸು ಬರಲಿಲ್ಲ.

ಹೊಲವೆಂದ ಮೇಲೆ ಗೊಬ್ಬರವೂ ಬೇಕು. ತೊಟ್ಟಿಯ ಮೀನುಗಳು ಬಿಟ್ಟ ಹೊಲಸಿನಿಂದ ಬರುವ ಅಮೋನಿಯಾ, ನೈಟ್ರೇಟುಗಳನ್ನು ಇದು ನೀರಿನಿಂದಲೇ ಎಳೆದುಕೊಂಡು ಪಾಚಿಗೆ ಉಣಿಸುತ್ತದೆ. ನೀರನ್ನು ಅತಿ ಚೊಕ್ಕ ಮಾಡಿದರೆ ಸೆರಗು ಬಿಳಚಿಕೊಳ್ಳುತ್ತದೆ ಎಂದ ಹುಡುಗ. ಅವನ ದಿನಚರಿ ನೋಡಿದರೆ ಎಮ್ಮೆ ಕಟ್ಟಿದ ಮನೆಯ ನೆನಪಾಗುತ್ತಿತ್ತು. ಆರ್‌ಒ ಯಂತ್ರದಲ್ಲಿ ನೀರನ್ನು ಪೂರ್ತಿ ಸಪ್ಪೆ ಮಾಡಿ, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಉಪ್ಪು ಬೆರೆಸುವುದು, ಶಾಖ 26 ಡಿಗ್ರಿಯ ಆಸುಪಾಸು ಇರುವಂತೆ ಕಾಯುವುದು. ಶನಿವಾರ ಸಣ್ಣ ಗಾಜಿನ ಕುಪ್ಪಿಯಲ್ಲಿ ತೊಟ್ಟಿಯ ನೀರು ಹಿಡಿದು ಕ್ಯಾಲ್ಸಿಯಂ ಅಳೆಯುತ್ತಾನೆ. ಲೀಟರಿಗೆ 400ರಿಂದ 450 ಮಿಲಿಗ್ರಾಂ ಇರಬೇಕು. ಹನಿ ಹನಿ ಮದ್ದು ಹಾಕುತ್ತ ಕುಪ್ಪಿ ಅಲುಗಿಸಿದರೆ, ಗುಲಾಬಿಯಾಗಿದ್ದ ನೀರು ಒಂದು ಹನಿಗೆ ತಟ್ಟನೆ ನೀಲಿಯಾಗುತ್ತದೆ. ಆ ಹನಿಗೆ ನಾವಿಬ್ಬರೂ ಉಸಿರು ಬಿಗಿಹಿಡಿದು ಕಾದೆವು. ಆ ಸುಣ್ಣವೆಲ್ಲ ಎಲ್ಲಿ ಹೋಗುತ್ತದೆಂದು ಕೇಳಿದೆ. ಅವನು ಚಿಪ್ಪಿನ ತುದಿಯತ್ತ ಬೆರಳು ತೋರಿದ. ಹಳೆಯ ಕಂದು ಚಿಪ್ಪಿನ ಮೇಲೆ ಉಗುರಿನ ಅಂಚಿನಷ್ಟು ಹೊಸ ಬಿಳುಪು.

ನಮ್ಮ ದೇಶದ ಕಡಲಿನಿಂದ ಹಿರಿಸಿಂಪಿಯನ್ನು ಮನೆಗೆ ತರುವಂತಿಲ್ಲ. ಹಿರಿಸಿಂಪಿಗಳಿಗೆ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಸಿಕ್ಕಿತು. ಅದು ಸರಿಯಾದ ಕಾನೂನು ಎಂದೇ ನನ್ನ ಎಣಿಕೆ. ಬೇಕಾದವರು ಲಕ್ಷದ್ವೀಪಕ್ಕೆ ಹೋಗಿ ನೋಡಲಿ. ಅಲ್ಲಿಯ ಅಮೀನಿ, ಕಡ್ಮತ್, ಕಿಲ್ತಾನ್, ಚೆಟ್ಲಾಟ್ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆ ಹವಳದ ಕಲ್ಲುಗಳಲ್ಲಿ ಮ್ಯಾಕ್ಸಿಮಾ ಜಾತಿಯ ಸಿಂಪಿಗಳು ಕಲ್ಲು ಕೊರೆದು ಕೂತಿರುತ್ತವೆ, ಸೆರಗಷ್ಟೇ ಹೊರಗೆ.

ಊರಿಗೆ ಮರಳಿದ ಮೇಲೆ, ಹಿಂಗಾರಿ ಜೋಳ ತೆನೆ ಬಿಟ್ಟ ದಿನಗಳಲ್ಲಿ, ಒಂದು ಬೆಳಿಗ್ಗೆ ಹುಡುಗನ ವಿಡಿಯೋ ಕರೆ ಬಂತು. ಅಲ್ಲಿ ರಾತ್ರಿ ಎಂಟು, ದೀಪ ಆರುವ ಹೊತ್ತು. ಇಲ್ಲಿ ಒಂಬತ್ತೂವರೆ. ತಂಗಿ ಮಾಳಿಗೆಯ ಮೇಲೆ ಕಡ್ಲಿ ಹರವುತ್ತಿದ್ದಳು. ನಾನು ಹೊಲದಿಂದ ತಂದ ಎರಡು ಸುಣ್ಣದ ಹರಳು ಅಂಗೈಯಲ್ಲೇ ಇದ್ದವು. ನಮ್ಮ ಎರಿ ಮಣ್ಣಿನಲ್ಲಿ ಅಗೆದಲ್ಲೆಲ್ಲ ಸಿಗುವಂಥವು.

"ಅದೇನ್ ತಿಂತೈತೋ?" ಎಂದಳು ತಂಗಿ.

"ಬಿಸಲು ಉಣ್ಣತೈತಿ ಅವ್ವಾ."

"ನಮ್ಮೂರಾಗ ಬಿಸಲಿಗೇನ್ ಬರ ಇಲ್ಲ ಬಿಡು," ಎಂದವಳು ಹತ್ತಿರದಿಂದ ನೋಡಲು ಮೊಬೈಲಿನತ್ತ ಬಾಗಿದಳು. ಸೆರಗಿನ ನೀಲಿ ಅಂಚು ಆ ಸಣ್ಣ ಪರದೆಯಲ್ಲಿ ಮೆಲ್ಲಗೆ ಒಳಗೆ ಸರಿಯುತ್ತಿತ್ತು. ತಂಗಿ ಗಾಬರಿಯಾಗಿ ಹಿಂದಕ್ಕೆ ಸರಿದಳು.

"ನನ್ನ ನೆರಳು ಬಿತ್ತೇನೋ?"