ಉಡುವುದಕ್ಕಲ್ಲದ ಸೀರೆ

ದುಡ್ಡು ಕೊಟ್ಟು ತಂದ ವಸ್ತು ಬಳಕೆಗೆ ಬಾರದೆ ಮೂಲೆ ಸೇರುವುದರಲ್ಲಿ ಎರಡು ಬಗೆಯಿದೆ. ಒಂದು ಟ್ರೆಡ್‌ಮಿಲ್‌ನ ಬಗೆ, ಇನ್ನೊಂದು ರೇಷ್ಮೆ ಸೀರೆಯ ಬಗೆ. ಟ್ರೆಡ್‌ಮಿಲ್ ಮೇಲೆ ಒದ್ದೆ ಟವೆಲು ಒಣಗಲು ಶುರುವಾದರೆ ಮನೆಮಂದಿ ನಗುತ್ತಾರೆ, ಕೊಂಡವರಿಗೂ ಒಳಗೊಳಗೇ ನಾಚಿಕೆ. ಸ್ಟೆಫಾನೊ ಡೆಲ್ಲಾವಿನ್ಯ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಜಿಮ್ ಸದಸ್ಯರ ಇಂಥದೇ ಪಾಡನ್ನು 2006ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟಿದವರು ಜಿಮ್‌ಗೆ ಹೋಗುತ್ತಿದ್ದದ್ದು ಸರಾಸರಿ 4.3 ಸಲ. ಒಂದು ಸಲಕ್ಕೆ 10 ಡಾಲರ್ ಬೀಳುವ ಪಾಸು ಅಲ್ಲೇ ಸಿಗುತ್ತಿದ್ದರೂ ಅವರು 17 ಡಾಲರಿಗೂ ಹೆಚ್ಚು ತೆರುತ್ತಿದ್ದರು. ಅದು ಸಂಕಲ್ಪ ಸೋತ ಕತೆ. ಸೋತವರಿಗೇ ಅದು ಗೊತ್ತಿರುತ್ತದೆ.

ರೇಷ್ಮೆ ಸೀರೆಯ ಕತೆ ಬೇರೆ. ಉಡದೆ ಇಟ್ಟವರನ್ನು ನೋಡಿ ಯಾರೂ ನಗುವುದಿಲ್ಲ. ‘ಎಷ್ಟು ಜೋಪಾನವಾಗಿ ಇಟ್ಟಿದಾಳೆ ನೋಡು, ನಿನ್ನೆ ತಂದ ಹಾಗಿದೆ’ ಎಂದು ಹೊಗಳುತ್ತಾರೆ. ಬಳಸದಿರುವುದೇ ಇಲ್ಲಿ ಗುಣ. ವಿಮರ್ಶೆಗೆ ಒಡ್ಡಬೇಕಾದದ್ದು ಈ ಗುಣವನ್ನೇ.

ಒಂದಿಷ್ಟು ಅನುಕೂಲವಿರುವ ಮನೆಯ ಬೀರು ತೆಗೆದು ನೋಡಿ. ಮೇಲಿನ ಅರೆಯಲ್ಲಿ ಜಿಪ್ಪಿನ ಕವರುಗಳು, ಒಂದೊಂದರಲ್ಲಿ ಮೂರು ನಾಲ್ಕು ಸೀರೆ. ಎಲೆಹಸಿರಿನ ಒಂದಕ್ಕೆ ಇನ್ನೂ ಅಂಗಡಿಯ ಚೀಟಿ ಅಂಟಿಕೊಂಡಿದೆ. ಫಾಲ್ ಹಚ್ಚಿಸಿಲ್ಲ, ಕುಚ್ಚು ಕಟ್ಟಿಸಿಲ್ಲ, ಬ್ಲೌಸ್ ಪೀಸು ಕತ್ತರಿಸಿಲ್ಲ. ಪಕ್ಕದ ನೇರಳೆ ಬಣ್ಣದ್ದು ಒಂದೇ ಒಂದು ಗೃಹಪ್ರವೇಶ ಕಂಡಿದೆ. ಅದರ ಕೆಳಗಿನದು ಯಾರೋ ಮದುವೆಯಲ್ಲಿ ಕೊಟ್ಟದ್ದು. ಇನ್ನೊಂದು ಮದುವೆಯಲ್ಲಿ ಇನ್ಯಾರಿಗೋ ಕೊಡಲು ಕಾದಿದೆ. ಮೂಲೆಯಲ್ಲಿ ನುಸಿಗುಳಿಗೆಯ ವಾಸನೆ. ಹಬ್ಬದ ಬೆಳಗ್ಗೆ ಮಗಳು ‘ಅಮ್ಮಾ, ಆ ಹಸಿರುದು ಉಟ್ಕೊಳ್ಳೇ’ ಎಂದರೆ ‘ಅಯ್ಯೋ, ಇವತ್ತು ಮನೇಲೇ ಇರ್ತೀವಲ್ಲ, ಯಾವುದಾದ್ರೂ ಮದುವೆಗೆ ಇರ್ಲಿ ಬಿಡು’ ಎಂಬ ಉತ್ತರ. ಮದುವೆ ಬಂದಾಗ ‘ಆ ನೂಕುನುಗ್ಗಲಲ್ಲಿ ಯಾರಾದ್ರೂ ಸಾರು ಚೆಲ್ಲಿದ್ರೆ?’ ಮನೆಗೆ ಹೆಚ್ಚಾದ ಸೀರೆ ಮದುವೆಗೂ ಹೆಚ್ಚಾಯಿತು. ಹಾಗಾದರೆ ಅದನ್ನು ಉಡುವ ದಿನ ಯಾವುದು?

ಈ ರೂಢಿಯ ಪರವಾಗಿ ಹೇಳಬೇಕಾದ್ದನ್ನು ಮೊದಲು ಹೇಳಿಬಿಡೋಣ. ಎರಡು ತಲೆಮಾರಿನ ಹಿಂದೆ ಬಹಳ ಮನೆಗಳಲ್ಲಿ ರೇಷ್ಮೆ ಎಂದರೆ ಧಾರೆ ಸೀರೆ ಒಂದೇ. ಅದು ಹರಿದರೆ ಇನ್ನೊಂದು ಬರುವ ಭರವಸೆಯಿರಲಿಲ್ಲ. ಹೊಲ, ಮನೆ ಗಂಡಸರ ಹೆಸರಿನಲ್ಲಿದ್ದ ಕಾಲದಲ್ಲಿ ಹೆಣ್ಣುಮಗಳು ತನ್ನದು ಎನ್ನಬಹುದಾಗಿದ್ದದ್ದು ಒಂದಿಷ್ಟು ಒಡವೆ, ಪೆಟ್ಟಿಗೆಯಲ್ಲಿನ ಆ ಸೀರೆ. ಅಂಥವಳು ಅದನ್ನು ಕಾಪಾಡಿದ್ದರಲ್ಲಿ ವಿವೇಕವಿತ್ತು. ಅವಳ ಜೋಪಾನವನ್ನು ಇಂದಿನ ಅನುಕೂಲದಲ್ಲಿ ಕೂತು ಹಂಗಿಸುವುದು ಸಲ್ಲದು.

ಆದರೆ ಆ ಧಾರೆ ಸೀರೆಯ ಆಯುಷ್ಯವನ್ನು ಕೊನೆಯವರೆಗೂ ಗಮನಿಸಬೇಕು. ಗೌರಿ ಹಬ್ಬಕ್ಕೆ ಅದೇ, ಸೀಮಂತಕ್ಕೆ ಅದೇ, ಮಗುವಿನ ನಾಮಕರಣಕ್ಕೂ ಅದೇ. ವಠಾರದಲ್ಲಿ ಯಾರ ಮಗಳನ್ನೋ ನೋಡಲು ಗಂಡಿನವರು ಬಂದರೆ ಎರವಲಿಗೂ ಹೋಗುತ್ತಿತ್ತು. ಅಂಚು ಹರಿದ ಮೇಲೆ ಒಳ್ಳೆಯ ಭಾಗ ಕತ್ತರಿಸಿಕೊಂಡು ಮಗಳಿಗೆ ಲಂಗ ಹೊಲಿದದ್ದೂ ಉಂಟು. ಇದ್ದದ್ದು ಒಂದು, ಅದನ್ನು ಕಾಪಾಡಿದ್ದು ನಿಜ, ಪೂರ್ತಿ ಉಟ್ಟದ್ದೂ ಅಷ್ಟೇ ನಿಜ. ಈಗ ನಡೆಯುತ್ತಿರುವುದು ಅದರ ಮುಂದುವರಿಕೆಯಲ್ಲ. ಕೊರತೆಯ ಕಾಲದ ಮಾತನ್ನು ಉಳಿಸಿಕೊಂಡು ಹೇರಳದ ಕಾಲದ ಬೀರು ತುಂಬಿಸುತ್ತಿದ್ದೇವೆ. ಇಪ್ಪತ್ತು ಸೀರೆ ಇರುವವರು ಒಂದೇ ಸೀರೆ ಇದ್ದವಳ ಹಾಗೆ ಹೆದರುವುದಕ್ಕೆ ಜೋಪಾನ ಎಂಬ ಹೆಸರು ಒಪ್ಪುವುದಿಲ್ಲ.

ರೇಷ್ಮೆ ಎಂದರೆ ವರ್ಷಕ್ಕೊಮ್ಮೆ ಎಂಬ ನಂಬಿಕೆಯೂ ನಾವಂದುಕೊಂಡಷ್ಟು ಹಳೆಯದಲ್ಲ, ಎಲ್ಲ ಕಡೆಯದೂ ಅಲ್ಲ. ಹಳೆಯ ಬ್ರಾಹ್ಮಣ ಮನೆಗಳಲ್ಲಿ ಪಟ್ಟೆಮಡಿ ಉಟ್ಟು ಅಡುಗೆ ಮಾಡುತ್ತಿದ್ದರು. ಹತ್ತಿಯದಾದರೆ ದಿನವೂ ಒಗೆದು ಯಾರೂ ಮುಟ್ಟದಂತೆ ಗಳುವಿನ ಮೇಲೆ ಹರವಬೇಕು. ರೇಷ್ಮೆಗೆ ಆ ಕಟ್ಟುಪಾಡು ಸಡಿಲ. ಮಡಿಯ ಹಿಂದಿದ್ದ ಮುಟ್ಟು-ತಟ್ಟಿನ ಬುದ್ಧಿ ಬೇರೆಯೇ ಖಂಡನೆಗೆ ಅರ್ಹ. ಇಲ್ಲಿ ಕಾಣಬೇಕಾದ್ದು ಇಷ್ಟು: ಇಂದು ಊಟದ ಹಾಲ್‌ಗೂ ಉಡಲು ಹೆದರುವ ಬಟ್ಟೆ ಅಂದು ಒಲೆಯ ಮುಂದೆ, ಹೊಗೆಯ ನಡುವೆ ಇತ್ತು. ಉತ್ತರ ಕರ್ನಾಟಕದ ಇಳಕಲ್ ಸೀರೆ ಇನ್ನೂ ದೊಡ್ಡ ಸಾಕ್ಷಿ. ಹತ್ತಿಯ ಒಡಲು, ರೇಷ್ಮೆಯ ಸೆರಗು. ಎರಡರ ಹಾಸನ್ನೂ ಕೊಂಡಿ ಹಾಕಿ ಬೆಸೆಯುವ ನೇಯ್ಗೆ. ಆ ಕೆಂಪು ಸೆರಗಿನ ಬಿಳಿ ತೆನೆಯಂಥ ವಿನ್ಯಾಸ ದೂರದಿಂದಲೇ ಗುರುತು ಸಿಗುತ್ತದೆ. ಇಷ್ಟು ಕುಸುರಿಯ ಸೀರೆ ಉಟ್ಟುಕೊಂಡೇ ಹೆಂಗಸರು ಸಂತೆಗೆ ಹೋದರು, ಜೋಳದ ಹೊಲಕ್ಕೆ ಹೋದರು, ರೊಟ್ಟಿ ಬಡಿದರು. ಚಂದದ್ದು ಬೇರೆ, ದಿನಬಳಕೆಯದು ಬೇರೆ ಎಂಬ ಗೋಡೆ ಆ ಬಟ್ಟೆಗೆ ಇರಲಿಲ್ಲ.

ಮೈಸೂರು ರೇಷ್ಮೆಯನ್ನೇ ತೆಗೆದುಕೊಳ್ಳಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ 32 ಮಗ್ಗಗಳಿಂದ ಮೈಸೂರಿನ ನೇಯ್ಗೆ ಕಾರ್ಖಾನೆ ಶುರುವಾಯಿತು. 1980ರಿಂದ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ಅಲ್ಲಿನ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ, ಪ್ರತಿ ಸೀರೆಗೂ ಅದರದೇ ಗುರುತಿನ ಸಂಖ್ಯೆ. ಈಚಿನ ವರ್ಷಗಳಲ್ಲಿ ನಿಗಮದ ಮಳಿಗೆಗಳ ಮುಂದೆ ನಸುಕಿನಲ್ಲೇ ಸಾಲು ನಿಂತು ಟೋಕನ್ ಪಡೆದು ಕೊಳ್ಳುವುದನ್ನು ಊರೇ ನೋಡಿದೆ. ಈ ಸೀರೆಯ ಹೆಚ್ಚುಗಾರಿಕೆ ಅದರ ಕ್ರೇಪ್ ನೇಯ್ಗೆ. ಹುರಿ ಹೆಚ್ಚಿಸಿದ ನೂಲು ಬಟ್ಟೆಗೆ ಮೃದುವಾದ ಇಳಿಬೀಳು ಕೊಡುತ್ತದೆ. ಮೈಗೆ ಹಗುರ, ನೆರಿಗೆ ತಾನಾಗಿ ಕೂರುತ್ತದೆ, ನಡೆದಾಡಿದರೆ ಜೊತೆಗೆ ನಡೆಯುತ್ತದೆ. ಇವೆಲ್ಲ ಉಟ್ಟವರಿಗೆ ಮಾತ್ರ ತಿಳಿಯುವ ಗುಣ. ಮಡಿಸಿಟ್ಟ ಸೀರೆಯಲ್ಲಿ ಉಳಿಯುವುದು ಬಣ್ಣ ಮತ್ತು ಬೆಲೆ. ನಸುಕಿನಲ್ಲಿ ಸಾಲು ನಿಂತು ತಂದು, ಅದರ ಮುಖ್ಯ ಗುಣವನ್ನೇ ಮುಟ್ಟದೆ ಬೀಗ ಹಾಕುವುದು ಎಂಥ ರಸಿಕತೆ?

‘ಇಟ್ಟರೆ ಉಳಿಯುತ್ತದೆ’ ಎಂಬುದು ಮುಂದಿನ ವಾದ. ಇದನ್ನು ಸೀರೆಯೇ ಅಲ್ಲಗಳೆಯುತ್ತದೆ. ವರ್ಷಗಟ್ಟಲೆ ಬಿಚ್ಚದ ಸೀರೆಯನ್ನು ಬೆಳಕಿಗೆ ಹರವಿದರೆ ಮಡಿಕೆಯ ಗೆರೆ ಮೊದಲು ಕಣ್ಣಿಗೆ ಬೀಳುತ್ತದೆ. ಒಂದೇ ಜಾಗದಲ್ಲಿ ಬಾಗಿ, ಮೇಲಿನ ಸೀರೆಗಳ ಭಾರಕ್ಕೆ ಒತ್ತಿ ಕೂತ ಎಳೆ ಅಲ್ಲೇ ನಿತ್ರಾಣವಾಗುತ್ತದೆ. ಕೆಲವು ಸೀರೆ ಆ ಗೆರೆಯಲ್ಲೇ ಸೀಳುತ್ತವೆ. ಗಾಳಿಯಲ್ಲಿರುವ ಗಂಧಕದ ಅಂಶ ಜರಿಯ ಬೆಳ್ಳಿಗೆ ತಗುಲಿ ಅಂಚು ಕಪ್ಪಾಗುತ್ತದೆ. ನುಸಿಗುಳಿಗೆ ಜರಿಗೆ ನೇರ ತಾಗಿದರೆ ಕಲೆ. ಪ್ಲಾಸ್ಟಿಕ್ ಕವರಿನೊಳಗೆ ತೇವ ಸೇರಿದರೆ ಬೂಷ್ಟು. ಮಲೆನಾಡು, ಕರಾವಳಿಯ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಡುವುದರಿಂದಲೂ ಹಾನಿಯಿದೆ. ಬೆವರು, ಸೆಂಟು ಎರಡೂ ರೇಷ್ಮೆಗೆ ಆಗಿಬರುವುದಿಲ್ಲ. ಆದರೆ ಉಟ್ಟವರು ಕಳಚಿದ ಮೇಲೆ ನೆರಳಿನಲ್ಲಿ ಗಾಳಿಗೆ ಹರವುತ್ತಾರೆ, ಮಡಿಕೆ ಬದಲಿಸುತ್ತಾರೆ, ಕಲೆ ಕಂಡರೆ ಕೂಡಲೇ ನೋಡಿಕೊಳ್ಳುತ್ತಾರೆ. ಹಳಬರು ಪಂಚೆಯಲ್ಲಿ ಸುತ್ತಿಟ್ಟು ಆಗಾಗ ಬಿಚ್ಚಿ ಮಡಿಸುತ್ತಿದ್ದದ್ದೂ ಇದಕ್ಕೇ. ಮುಟ್ಟದೆ ಇಡುವುದು ಸೋಮಾರಿಯ ಸಂರಕ್ಷಣೆ.

ಇನ್ನೊಂದು ವಾದ ‘ಇದೂ ಒಂದು ಇನ್ವೆಸ್ಟ್‌ಮೆಂಟು’. 2017ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್, ಎಲ್ಡಾರ್ ಶಫೀರ್ ಜೊತೆ ಸೇರಿ 2006ರಲ್ಲಿ ದುಬಾರಿ ವೈನ್ ಕೊಳ್ಳುವವರ ಮನಸ್ಸಿನ ಲೆಕ್ಕವನ್ನು ಬಿಡಿಸಿದ್ದರು. 20 ಡಾಲರಿಗೆ ಕೊಂಡ ಬಾಟಲಿಗೆ ಈಗ 75 ಡಾಲರ್ ಬೆಲೆ. ಅದನ್ನು ಕುಡಿದರೆ ನಿಮಗೆ ಎಷ್ಟು ಖರ್ಚಾದಂತೆ ಅನ್ನಿಸುತ್ತದೆ ಎಂದು ಕೇಳಿದರು. ಅರ್ಧಕ್ಕಿಂತ ಹೆಚ್ಚು ಮಂದಿ ‘ಏನೂ ಖರ್ಚಿಲ್ಲ’ ಎಂದರು, ಇಲ್ಲವೇ ‘ಲಾಭವೇ ಆಯಿತು’ ಎಂದರು. ಕೊಳ್ಳುವಾಗ ಹೂಡಿಕೆ, ಕುಡಿಯುವಾಗ ಪುಕ್ಕಟೆ. ಲೆಕ್ಕ ತಪ್ಪಿರಬಹುದು, ಆದರೂ ಅವರು ಕುಡಿದರು. ನಾವು ಅದೇ ತಪ್ಪನ್ನು ತಿರುಗುಮುರುಗಾಗಿ ಮಾಡುತ್ತೇವೆ. ಕೊಳ್ಳುವಾಗ ಹೂಡಿಕೆ ಎಂದು ಸಮಾಧಾನ, ಉಡಬೇಕಾದಾಗ ಮಾತ್ರ ಪೂರ್ತಿ ಬೆಲೆ ಕಣ್ಣೆದುರು. 30,000 ರೂಪಾಯಿಯ ಸೀರೆಯನ್ನು ಮೂವತ್ತು ಸಲ ಉಟ್ಟರೆ ಸಲಕ್ಕೆ ಸಾವಿರ. ಎರಡೇ ಸಲ ಉಟ್ಟರೆ ಸಲಕ್ಕೆ 15,000. ದುಂದುಗಾರ್ತಿ ಯಾರು?

ಸೀರೆ ನಿಜಕ್ಕೂ ಹೂಡಿಕೆಯೋ ಎಂದು ತಿಳಿಯಲು ಹಳೇ ರೇಷ್ಮೆ ಸೀರೆ ಕೊಳ್ಳುವ ಅಂಗಡಿಗೆ ಒಮ್ಮೆ ಒಯ್ಯಬೇಕು. ಅಲ್ಲಿ ಬಣ್ಣ ನೋಡುವುದಿಲ್ಲ, ಬುಟ್ಟಾ ಎಣಿಸುವುದಿಲ್ಲ. ಅಂಚನ್ನು ಉಜ್ಜಿ ಜರಿ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುತ್ತಾರೆ. ಅಸಲಿಯಾದರೆ ಸುಟ್ಟಾಗ ಸಿಗುವ ಬೆಳ್ಳಿಯ ಲೆಕ್ಕ. ತಾಮ್ರದ ಎಳೆಯ ಜರಿಯಾದರೆ ಕೈಗೆ ಬರುವುದು ಚಿಲ್ಲರೆ. ನೇಯ್ಗೆಗೆ, ರೇಷ್ಮೆಗೆ, ನೀವು ಕಾಪಾಡಿದ ವರ್ಷಗಳಿಗೆ ಅಲ್ಲಿ ಬೆಲೆಯಿಲ್ಲ. ಸೀರೆಯ ಬೆಲೆಯಲ್ಲಿ ದೊಡ್ಡ ಪಾಲು ಉಡುವ ಸುಖದ್ದು. ಉಡದಿದ್ದರೆ ಆ ಪಾಲು ಬಡ್ಡಿ ಸಮೇತ ನಷ್ಟ.

ಹೀಗಿದ್ದರೂ ರೂಢಿ ಬೆಳೆಯುತ್ತಿರುವುದಕ್ಕೆ ಹೊಸ ಕಾರಣಗಳಿವೆ. ಮೊದಲನೆಯದು ಫೋಟೊ. ಒಂದು ಸಮಾರಂಭಕ್ಕೆ ಉಟ್ಟ ಸೀರೆ ಅಂದೇ ಸಂಜೆ ಬಂಧುಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಿರುಗಿರುತ್ತದೆ. ‘ಅದನ್ನ ಎಲ್ಲರೂ ನೋಡಿಯಾಯ್ತು’ ಎಂಬ ಒಂದೇ ಮಾತು ಅದನ್ನು ನಿವೃತ್ತಿಗೊಳಿಸುತ್ತದೆ. ಎರಡನೆಯದು ಬ್ಲೌಸು. ಆರಿ ವರ್ಕ್ ಮಾಡಿಸಿದ ಬ್ಲೌಸಿನ ಮಜೂರಿ ಕೆಲವೊಮ್ಮೆ ಸೀರೆಯ ಬೆಲೆಯನ್ನೇ ಮೀರುತ್ತದೆ. ಎರಡು ವರ್ಷದಲ್ಲಿ ಮೈ ದಪ್ಪವಾದರೆ ಬ್ಲೌಸು ಹಿಡಿಸುವುದಿಲ್ಲ, ಅದರ ಜೊತೆ ಸೀರೆಯೂ ಒಳಗೆ. ಇದು ಹೆಂಗಸರ ಚಾಳಿ ಎಂದು ಗಂಡಸರು ನಗುವಂತಿಲ್ಲ. ರಿಸೆಪ್ಷನ್ನಿಗೆ ಹೊಲಿಸಿದ ಸೂಟು, ಪೆಟ್ಟಿಗೆಯಲ್ಲೇ ನಿಂತುಹೋದ ಕೈಗಡಿಯಾರ, ಶೋಕೇಸಿನಲ್ಲಿ ಧೂಳು ತಿನ್ನುವ ಪಿಂಗಾಣಿ ಸೆಟ್ಟು ಅವರ ಲೆಕ್ಕಕ್ಕೇ ಸೇರಿದವು. ನೆಂಟರಿಗಾಗಿ ಇಟ್ಟ ಆ ಕಪ್ಪುಗಳನ್ನು ನೆಂಟರು ಬಂದಾಗಲೂ ಇಳಿಸುವುದಿಲ್ಲ; ಕಾಫಿ ಸ್ಟೀಲಿನ ಲೋಟದಲ್ಲೇ ಬರುತ್ತದೆ.

‘ನಾವು ಉಟ್ಟರೆಷ್ಟು ಬಿಟ್ಟರೆಷ್ಟು, ಕೊಂಡರೆ ನೇಕಾರರಿಗೆ ಕೂಲಿ ಸಿಕ್ಕಿತಲ್ಲ’ ಎನ್ನಬಹುದು. ಕೂಲಿ ಸಿಗುವುದು ನಿಜ. ಆದರೆ ಬಟ್ಟೆಯ ವಿಮರ್ಶೆ ನಡೆಯುವುದು ಮೈಮೇಲೆ. ಎಲ್ಲಿ ಚುಚ್ಚಿತು, ಎಷ್ಟು ಒಗೆತ ತಡೆಯಿತು, ಬಸ್ಸು ಹತ್ತುವಾಗ ಸೆರಗು ನಿಂತಿತೇ, ಬಣ್ಣ ಬಿಟ್ಟಿತೇ ಎಂಬುದನ್ನು ಉಟ್ಟವರೇ ಹೇಳಬೇಕು. ಕೊಳ್ಳುವವರು ಉಡದಿದ್ದರೆ ಈ ಮಾತು ಅಂಗಡಿಗೆ ತಲುಪುವುದಿಲ್ಲ, ಮಗ್ಗಕ್ಕೂ ತಲುಪುವುದಿಲ್ಲ. ಆಗ ಗೆಲ್ಲುವುದು ಅಂಗಡಿಯ ದೀಪದಡಿ ಮಿಂಚುವ, ಫೋಟೊದಲ್ಲಿ ಎದ್ದು ಕಾಣುವ, ಎರಡು ಗಂಟೆಗಿಂತ ಹೆಚ್ಚು ಹೊರಲಾಗದ ಸೀರೆ. ಅದನ್ನು ಉಡುವುದು ಇನ್ನೂ ಕಷ್ಟ, ಆದ್ದರಿಂದ ಅದು ಇನ್ನೂ ಬೇಗ ಬೀರು ಸೇರುತ್ತದೆ. ಬಳಸದವರು ಕೊನೆಗೆ ಬಳಸಲಾಗದ್ದನ್ನೇ ನೇಯಿಸುತ್ತಾರೆ. ಈ ರೂಢಿಯ ಮೇಲೆ ನನಗಿರುವ ದೊಡ್ಡ ಆಕ್ಷೇಪ ಇದು. ಪೋಲಾದ ದುಡ್ಡು ಇದರ ಮುಂದೆ ಸಣ್ಣದು.

ಜೋಪಾನ ಎಂಬ ಹೆಸರಿನಲ್ಲಿ ನಡೆಯುವ ಈ ಆಚರಣೆ ಬಟ್ಟೆಯನ್ನು ಉಳಿಸುವುದಿಲ್ಲ, ದುಡ್ಡನ್ನು ಉಳಿಸುವುದಿಲ್ಲ, ಕಸುಬಿನ ಗುಣವನ್ನೂ ಉಳಿಸುವುದಿಲ್ಲ. ಉಡುವವಳಿಗಿಂತ ಸೀರೆಯೇ ಹೆಚ್ಚು ಎಂಬ ಪಾಠವನ್ನು ಮಾತ್ರ ಮನೆಯಲ್ಲಿ ಉಳಿಸುತ್ತದೆ. ಹೊಸದು ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಕೊಂಡ ವಾರದೊಳಗೆ ಫಾಲ್ ಹಚ್ಚಿಸಿ. ಸಾದಾ ಬ್ಲೌಸೇ ಸಾಕು, ಒಳಗೆ ಎರಡು ಹೊಲಿಗೆ ಬಿಚ್ಚುವಷ್ಟು ಬಟ್ಟೆ ಬಿಡಿಸಿ. ಮದುವೆಗೆ ಕಾಯದೆ ಬ್ಯಾಂಕಿಗೆ ಹೋಗುವ ದಿನ, ಶಾಲೆಯ ಮೀಟಿಂಗಿನ ದಿನ, ಯಾವ ನೆಪವೂ ಇಲ್ಲದ ಸೋಮವಾರ ಉಟ್ಟುಬಿಡಿ. ಹಿಂದಿನದನ್ನು ನಾಲ್ಕು ಸಲವಾದರೂ ಉಡುವವರೆಗೆ ಮುಂದಿನ ಸೀರೆಯ ಅಂಗಡಿಗೆ ಕಾಲಿಡಬೇಡಿ.